ಫ್ಯಾನ್ ನಿಂತ್ರೆ ಪ್ಯಾನೆಲ್‌ಗೆ ಗೊತ್ತಾಗೋದು ಹೇಗೆ?

ಏಪ್ರಿಲ್‌ನಲ್ಲಿ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್‌ಗಳ ಕಡೆ ಒಂದು ಸುತ್ತು ಹಾಕಿ, ಮೆಷಿನ್‌ಗಳ ಕಂಟ್ರೋಲ್ ಪೆಟ್ಟಿಗೆ, ಅಂದ್ರೆ ಪ್ಯಾನೆಲ್, ಅದರ ಬಾಗಿಲು ತೆಗೆದಿಟ್ಟು ಎದುರಿಗೊಂದು ಪೆಡೆಸ್ಟಲ್ ಫ್ಯಾನ್ ನಿಲ್ಲಿಸಿರೋದು ಕಂಡೇ ಕಾಣುತ್ತೆ. ಮೋಟಾರಿನ ಸ್ಪೀಡ್ ನೋಡ್ಕೊಳ್ಳೋ ಡ್ರೈವ್ ಓವರ್‌ಹೀಟ್ ಅಂತ ಟ್ರಿಪ್ ಆಗ್ತಿರುತ್ತೆ, ಕೇಳಿದ್ರೆ "ಬಿಸಿಲು ಜಾಸ್ತಿ ಸಾರ್" ಅಂತಾರೆ, ಒಳಗಿರೋ ನಾಲ್ಕಿಂಚಿನ ಫ್ಯಾನ್ ಕೆಟ್ಟು ಎಷ್ಟು ದಿನ ಆಯ್ತೋ ಯಾರೂ ತಲೆ ಎತ್ತಿ ನೋಡಿರಲ್ಲ. ಬಿಸಿಲೂ ಸುಳ್ಳಲ್ಲ ಬಿಡಿ, 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ಮುಟ್ಟಿತ್ತು.

ಈ ತಲೆನೋವು ಕಂಪ್ಯೂಟರಿನಷ್ಟೇ ಹಳೇದು. 1946ರಲ್ಲಿ ಅಮೆರಿಕದಲ್ಲಿ ಜನರ ಮುಂದೆ ಬಂದ ಎನಿಯಾಕ್‌ನಲ್ಲಿ ಸುಮಾರು 18,000 ವಾಲ್ವ್ (ಹಳೇ ರೇಡಿಯೋದಲ್ಲಿರ್ತಿದ್ದ ಥರದ ಗಾಜಿನ ಟ್ಯೂಬ್), 150 ಕಿಲೋವ್ಯಾಟ್ ಕರೆಂಟು, ಅಷ್ಟೂ ಬಿಸಿ ಹೊರಗೆ ತಳ್ಳೋಕೆ ದೊಡ್ಡ ಬ್ಲೋವರ್‌ಗಳು, ಜೊತೆಗೆ ಬಿಸಿ ಮಿತಿ ಮೀರಿದ್ರೆ ಪವರ್ ಕಟ್ ಮಾಡೋ ಥರ್ಮೋಸ್ಟಾಟ್. ನಮ್ಮಲ್ಲಿ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್‌ನವ್ರು ಬೇರೆ ದಾರಿ ಹಿಡಿದ್ರು, 1986ರಲ್ಲಿ ಕಿತ್ತೂರಲ್ಲಿ ಕೂತ ತಮ್ಮ ಮೊದಲ ಹಳ್ಳಿ ಟೆಲಿಫೋನ್ ಎಕ್ಸ್‌ಚೇಂಜ್‌ಗೆ ಏಸಿನೇ ಬೇಡ ಅನ್ನೋ ಹಾಗೆ ಡಿಸೈನ್ ಮಾಡಿದ್ರು. ಜಾಣರು!

ಥರ್ಮೋಸ್ಟಾಟ್ ಇದ್ರೆ ಸಾಲ್ದಾ? ಸಾಲಲ್ಲ. ಅದು ಬಾಯಿ ಬಿಡೋ ಹೊತ್ತಿಗೆ ಒಳಗೆ ಬೇಯ್ತಾ ಇರುತ್ತೆ, ಒಳಗೆ ಚಾರ್ಜ್ ಕೂಡಿಡೋ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗೆ 10 ಡಿಗ್ರಿ ಜಾಸ್ತಿ ಆದ್ರೆ ಆಯಸ್ಸು ಹೆಚ್ಚುಕಮ್ಮಿ ಅರ್ಧ. ಚಳಿಗಾಲದಲ್ಲಿ ಕೆಟ್ಟ ಫ್ಯಾನು ಬೇಸಿಗೆವರೆಗೂ ಸಿಕ್ಕಿಬೀಳೋದೇ ಇಲ್ಲ. ಹಾಗಾದ್ರೆ ಫ್ಯಾನ್ ಎಳೆಯೋ ಕರೆಂಟ್ ಅಳೆಯೋಣ ಅಂದ್ರೆ, ಪ್ಯಾನೆಲ್‌ಗಳಲ್ಲಿ ಹಾಕೋ 230 ವೋಲ್ಟಿನ ಎರಡು ವೈರ್ ಫ್ಯಾನ್ ಎಷ್ಟೋ ಕಡೆ ಶೇಡೆಡ್ ಪೋಲ್ ಅನ್ನೋ ಸರಳ ಏಸಿ ಮೋಟಾರು, ಬೇರಿಂಗ್ ಜಾಮ್ ಆಗಿ ನಿಂತ್ರೂ ಕರೆಂಟ್ ಅಂಥಾ ಏನೂ ಏರಲ್ಲ, ಮೀಟರ್ ನೋಡಿದವ್ರಿಗೆ ಎಲ್ಲಾ ಸರಿ ಇದೆ ಅನ್ಸುತ್ತೆ.

ಬ್ರಶ್‌ಲೆಸ್ ಡಿಸಿ ಫ್ಯಾನ್ ಬಂದ್ಮೇಲೆ ಆಟ ಬದಲಾಯ್ತು. ಅದರ ಮೂರನೇ ವೈರಿನಲ್ಲಿ ಸಾಮಾನ್ಯವಾಗಿ ಫ್ಯಾನ್ ಒಂದೊಂದು ಸಲ ಸುತ್ತಿದಾಗಲೂ ಎರಡು ಪಲ್ಸ್ ಬರುತ್ತೆ, ನಿಮಿಷಕ್ಕೆ 3000 ಸುತ್ತು ಅಂದ್ರೆ ಸೆಕೆಂಡಿಗೆ 100, ಗ್ರೀಸ್ ಒಣಗಿ ಸ್ಪೀಡ್ ಇಳಿಯೋಕೆ ಶುರುವಾದಾಗಲೇ ಗೊತ್ತಾಗುತ್ತೆ. 1998ರಲ್ಲಿ ಇಂಟೆಲ್, ಡೆಲ್, ಎಚ್‌ಪಿ, ಎನ್‌ಇಸಿ ಸೇರಿ ಐಪಿಎಂಐ ಅನ್ನೋ ಸರ್ವರ್ ಉಸ್ತುವಾರಿ ಮಾನದಂಡ ತಂದಮೇಲೆ ಸರ್ವರ್‌ಗಳಲ್ಲಿ ಇದನ್ನ ದೂರದಿಂದಲೇ ಓದೋದು ಮಾಮೂಲಾಯ್ತು.

ಆದ್ರೆ ಫ್ಯಾನ್ ತಿರುಗೋದೇ ಬೇರೆ, ಗಾಳಿ ಹೋಗೋದೇ ಬೇರೆ. ಫಿಲ್ಟರ್ ತುಂಬಾ ಧೂಳು ಮೆತ್ತಿಕೊಂಡಿದ್ರೂ ಪಲ್ಸ್ ಬರ್ತಾನೇ ಇರುತ್ತೆ. ಎರಡು ಫ್ಯಾನಿದ್ದು ಒಂದು ನಿಂತ್ರೆ ಇನ್ನೂ ಮಜಾ, ನಿಂತ ಫ್ಯಾನಿನ ತೂತಿಂದಲೇ ಗಾಳಿ ಒಳಗೆ ಬಂದು ಪಕ್ಕದ್ರಿಂದ ಹೊರಗೆ ಹೋಗುತ್ತೆ, ಕೆಳಗಿರೋ ಡ್ರೈವ್‌ಗೆ ಏನೂ ಸಿಗಲ್ಲ. ಮೇಲಾಗಿ ಬೆಂಗಳೂರು ಸಮುದ್ರಕ್ಕಿಂತ 900 ಮೀಟರ್ ಎತ್ತರ, ಗಾಳಿನೇ ಸ್ವಲ್ಪ ತೆಳು, ಅದು ಹೊತ್ತೊಯ್ಯೋ ಬಿಸಿನೂ ಕಮ್ಮಿ. ಗಾಳಿನೇ ಅಳೆಯೋಕೆ, ಗಾಳಿ ತಳ್ಳಿದ್ರೆ ಸರಿಯೋ ರೆಕ್ಕೆ ಇರೋ ಫ್ಲಾಪ್ ಸ್ವಿಚ್ ಇದೆ, ಆದ್ರೆ ಮೆಷಿನ್ ಶಾಪ್‌ನ ಎಣ್ಣೆ ಮಂಜಿಗೆ ಅಂಟಿಕೊಂಡು ಕೂತ್ಬಿಡುತ್ತೆ, ನನ್ನ ಕೇಳಿದ್ರೆ ತಾನೇ ಬಿಸಿಯಾಗಿ ಎಷ್ಟು ತಣ್ಣಗಾಯ್ತು ಅಂತ ನೋಡೋ ಥರ್ಮಿಸ್ಟರ್ ಸೆನ್ಸರೇ ವಾಸಿ. ಅಲಾರ್ಮ್ ಕೂಗಿಸೋ ರಿಲೇ (ಕರೆಂಟಿಂದ ನಡೆಯೋ ಸ್ವಿಚ್) ಮಾತ್ರ ಮಾಮೂಲಿ ಟೈಮಲ್ಲಿ ಆನ್ ಇರೋ ಥರ ಕಟ್ಟಿ, ವೈರ್ ಕಿತ್ತೋದ್ರೂ ಕೂಗ್ಬೇಕು.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌ಪಿ ರೋಡಲ್ಲಿ ಮೂರು ವೈರಿನ ಫ್ಯಾನ್ ಬೇಕಾದಷ್ಟು ಸಿಗುತ್ತೆ. ತಂದು ಹಾಕ್ತಾರೆ ಕೂಡ, ಆಮೇಲೆ ಪಲ್ಸ್ ಕೊಡೋ ಆ ಮೂರನೇ ವೈರನ್ನ ಕತ್ತರಿಸಿ ಟೇಪ್ ಸುತ್ತಿ ಮೂಲೆಗೆ ತುರುಕಿರ್ತಾರೆ.