ಹತ್ತು ಗಂಟೆಗಳ ಇಳಿಕೆಯನ್ನು ನಂಬುವುದು ಹೇಗೆ?

ಅಮೆರಿಕದ ನಾಲ್ಕು ವರ್ಷಗಳ ಪದವಿ ಕಾಲೇಜುಗಳಲ್ಲಿ ಪೂರ್ಣಾವಧಿ ವಿದ್ಯಾರ್ಥಿಗಳು 1961ರಲ್ಲಿ ತರಗತಿಯ ಹೊರಗೆ ವಾರಕ್ಕೆ ಸರಾಸರಿ 24 ಗಂಟೆ ಓದುತ್ತಿದ್ದರು. 2003ರ ವೇಳೆಗೆ ಅದು ಸುಮಾರು 14 ಗಂಟೆಗೆ ಇಳಿದಿತ್ತು. ಬೇರೆ ಬೇರೆ ಕಾಲದ ಸಮೀಕ್ಷೆಗಳನ್ನು ಹೋಲಿಸಿ ಇದನ್ನು ತೋರಿಸಿದವರು ಅರ್ಥಶಾಸ್ತ್ರಜ್ಞರಾದ ಫಿಲಿಪ್ ಬ್ಯಾಬ್‌ಕಾಕ್ ಮತ್ತು ಮಿಂಡಿ ಮಾರ್ಕ್ಸ್. ಈಗಿನ ಮಕ್ಕಳು ಓದುವುದೇ ಇಲ್ಲವೆಂಬ ಮಾತು ಎಲ್ಲ ತಲೆಮಾರುಗಳ ಹಿರಿಯರ ಬಾಯಲ್ಲೂ ಇರುವುದರಿಂದಲೇ, ಇಂಥ ಅಂಕಿಯನ್ನು ಒಪ್ಪುವ ಮೊದಲು ಒರೆಗೆ ಹಚ್ಚಬೇಕು.

ಹಾಗೆ ಒರೆಗೆ ಹಚ್ಚುವ ಸಂಖ್ಯಾಶಾಸ್ತ್ರದ ವಿಧಾನವಾದ ಪ್ರಾಕ್ಕಲ್ಪನಾ ಪರೀಕ್ಷೆ ಆರಂಭವಾಗುವುದು ಏನೂ ಬದಲಾಗಿಲ್ಲ ಎಂಬ ಊಹೆಯಿಂದ. ಇದಕ್ಕೆ ಶೂನ್ಯ ಪ್ರಾಕ್ಕಲ್ಪನೆ ಎಂದು ಹೆಸರು. ಉದಾಹರಣೆಗೆ, ಹಳೆಯ ಸರಾಸರಿ 24 ಗಂಟೆ ಎಂದೇ ಇಟ್ಟುಕೊಂಡು, ಇಂದಿನ 100 ವಿದ್ಯಾರ್ಥಿಗಳನ್ನು ಯಾದೃಚ್ಛಿಕವಾಗಿ ಆರಿಸಿದಾಗ 22.8 ಗಂಟೆಯ ಸರಾಸರಿಯೂ 8 ಗಂಟೆಯ ಮಾನಕ ವಿಚಲನೆಯೂ (ಒಬ್ಬೊಬ್ಬರ ಗಂಟೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ) ದೊರೆತವೆಂದು ಭಾವಿಸೋಣ. 8ನ್ನು 100ರ ವರ್ಗಮೂಲದಿಂದ ಭಾಗಿಸಿದರೆ ಬರುವ 0.8 ಗಂಟೆಯೇ ಸರಾಸರಿಯ ಮಾನಕ ದೋಷ, ಅಂದರೆ ಬೇರೆ ಬೇರೆ ನೂರು ಜನರನ್ನು ಆರಿಸಿದಾಗ ಸರಾಸರಿ ಆಕಸ್ಮಿಕವಾಗಿ ಎಷ್ಟು ಏರುಪೇರಾಗುತ್ತದೆ ಎಂಬುದರ ಅಂದಾಜು. 1.2 ಗಂಟೆಯ ವ್ಯತ್ಯಾಸವು ಈ ದೋಷದ ಒಂದೂವರೆ ಪಟ್ಟು ಮಾತ್ರ. ನಿಜವಾಗಿ ಏನೂ ಬದಲಾಗದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ವ್ಯತ್ಯಾಸವು, ಏರಿಕೆಯಾಗಲಿ ಇಳಿಕೆಯಾಗಲಿ, ನೂರಕ್ಕೆ ಸುಮಾರು 14 ಬಾರಿ ಕೇವಲ ಆಕಸ್ಮಿಕವಾಗಿ ಕಾಣಿಸಿಕೊಳ್ಳುತ್ತದೆ. ರೂಢಿಯಲ್ಲಿರುವ ಶೇ. 5ರ ಮಿತಿಗಿಂತ ಇದು ಹೆಚ್ಚಾದ್ದರಿಂದ ಶೂನ್ಯ ಪ್ರಾಕ್ಕಲ್ಪನೆಯನ್ನು ತಳ್ಳಿಹಾಕಲಾಗದು. ಹಾಗೆಂದು ಬದಲಾವಣೆ ಆಗಿಲ್ಲವೆಂದು ಸಾಬೀತಾಯಿತೆಂದೂ ಅರ್ಥವಲ್ಲ. ಅದೇ ಸರಾಸರಿ, ಅದೇ ವಿಚಲನೆ 400 ಜನರಲ್ಲಿ ಕಂಡುಬಂದಿದ್ದರೆ ಆ ಸಂಭವನೀಯತೆ ಸಾವಿರಕ್ಕೆ ಸುಮಾರು 3ಕ್ಕೆ ಕುಸಿಯುತ್ತಿತ್ತು. ವ್ಯತ್ಯಾಸ ಮಾತ್ರ ಆಗಲೂ ಅದೇ 1.2 ಗಂಟೆ. ಅದು ಕಲಿಕೆಯ ದೃಷ್ಟಿಯಿಂದ ಮಹತ್ವದ್ದೇ ಅಲ್ಲವೇ ಎಂಬುದನ್ನು ಈ ಲೆಕ್ಕ ಹೇಳುವುದಿಲ್ಲ.

ಹತ್ತು ಗಂಟೆಗಳ ಇಳಿಕೆಯಾದರೋ 25 ವಿದ್ಯಾರ್ಥಿಗಳ ಮಾದರಿಯಲ್ಲೂ ಎದ್ದು ಕಾಣುತ್ತದೆ. ಅದನ್ನು ಆಕಸ್ಮಿಕವೆನ್ನಲು ಸಾಧ್ಯವೇ ಇಲ್ಲ. ನನ್ನ ದೃಷ್ಟಿಯಲ್ಲಿ ಕಠಿಣವಾದ ಕೆಲಸ ಶುರುವಾಗುವುದು ಇಲ್ಲಿಂದಲೇ. ಎರಡು ಸಮೀಕ್ಷೆಗಳು ಒಂದೇ ಬಗೆಯ ಕಾಲೇಜುಗಳನ್ನು ಒಳಗೊಂಡಿದ್ದವೇ? ಪ್ರಶ್ನೆಯನ್ನು ಒಂದೇ ರೀತಿ ಕೇಳಲಾಗಿತ್ತೇ? ಆಯ್ಕೆಗಳನ್ನು ಕೊಟ್ಟು ಗುರುತು ಹಾಕಿಸಿದಾಗ ಬರುವ ಉತ್ತರವೂ ಸಂಖ್ಯೆಯನ್ನೇ ಬರೆಯಿಸಿದಾಗ ಬರುವ ಉತ್ತರವೂ ಬೇರೆಯಾಗಬಹುದು, ಮತ್ತು ಇಂಥ ದೋಷ ಮಾದರಿಯ ಗಾತ್ರವನ್ನು ಎಷ್ಟು ಹಿಗ್ಗಿಸಿದರೂ ಕರಗದು. ಆದ್ದರಿಂದಲೇ ಬ್ಯಾಬ್‌ಕಾಕ್ ಮತ್ತು ಮಾರ್ಕ್ಸ್ ಪ್ರಶ್ನೆಯ ರೂಪದ ಪ್ರಭಾವವನ್ನೂ ಗಣನೆಗೆ ತೆಗೆದುಕೊಂಡರು. ಉದ್ಯೋಗ ಮಾಡುವವರು ಮತ್ತು ಮಾಡದವರು, ಬೇರೆ ಬೇರೆ ವಿಷಯಗಳನ್ನು ಓದುವವರು ಎಂದು ವಿಂಗಡಿಸಿಯೂ ನೋಡಿದರು. ಇಳಿಕೆ ಎಲ್ಲ ಗುಂಪುಗಳಲ್ಲೂ ಉಳಿಯಿತು. ಅದರ ಬಹುಪಾಲು 1981ಕ್ಕೆ ಮೊದಲೇ ಆಗಿಹೋಗಿದ್ದರಿಂದ, ಆ ಭಾಗಕ್ಕೆ ಕಂಪ್ಯೂಟರನ್ನಾಗಲಿ ಇಂಟರ್‌ನೆಟ್ಟನ್ನಾಗಲಿ ಕಾರಣವಾಗಿ ತೋರಿಸಲು ಬರುವುದಿಲ್ಲ.