‘ಸ್ಲೀಪ್’ ಅಳಿಸುವ ಮುನ್ನ

ಹಾಸನದ ಕೆ.ಆರ್. ಪುರಂನಲ್ಲಿರುವ ನಮ್ಮ ಕಂಪ್ಯೂಟರ್ ತರಗತಿಯಲ್ಲಿ ಭಾನುವಾರ ಬೆಳಿಗ್ಗೆ ಕೋಡ್ ಬರೆದು ಸಂಗೀತ ನುಡಿಸುವುದನ್ನು ಹೇಳಿಕೊಡಲು ತೊಡಗಿದಾಗಿನಿಂದ ಒಂದೇ ದೂರನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಈಗ ಯಾರಾದರೂ ಫೋನ್ ಮಾಡಿ ‘ಸರ್, ಸ್ವರಗಳೆಲ್ಲ ಒಟ್ಟಿಗೆ...’ ಎನ್ನುವಷ್ಟರಲ್ಲೇ ‘ಸ್ಲೀಪ್ ಅಳಿಸಿದಿರಾ?’ ಎಂದು ಕೇಳಿಬಿಡುತ್ತೇನೆ. ಸ್ಲೀಪ್ ಎಂಬುದು ಕೋಡಿನಲ್ಲಿ ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವೆ ಬರೆಯುವ ಆದೇಶ. ಅಳಿಸಿರುತ್ತಾರೆ. ಏಕೆ ಎಂದು ಕೇಳಿದರೆ, ನಡುವೆ ಸುಮ್ಮನೆ ತಡವಾಗುತ್ತಿತ್ತು ಎನ್ನುತ್ತಾರೆ.

ನಾವು ಬಳಸುವುದು ಸೋನಿಕ್ ಪೈ ಎಂಬ ಉಚಿತ ತಂತ್ರಾಂಶ. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿದ್ದ ಸ್ಯಾಮ್ ಆರನ್ 2012ರಲ್ಲಿ ಇದನ್ನು ರಾಸ್ಪ್‌ಬೆರಿ ಪೈ ಎಂಬ ಅಗ್ಗದ ಪುಟ್ಟ ಕಂಪ್ಯೂಟರಿಗಾಗಿ, ಶಾಲಾ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಆರಂಭಿಸಿದರು. ಅದನ್ನು ಇನ್‌ಸ್ಟಾಲ್ ಮಾಡಿಕೊಳ್ಳುವುದನ್ನು ಇಲ್ಲಿ ವಿವರಿಸುವುದಿಲ್ಲ. ಅದು ಯಾರಿಗೂ ಕಷ್ಟವಾಗಿದ್ದನ್ನು ನಾನು ಕಂಡಿಲ್ಲ. ‘ಪ್ಲೇ 60’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ರನ್ ಒತ್ತಿದರೆ ಕೀಬೋರ್ಡಿನ ನಡುವಿನ ಸಿ ಸ್ವರ ನುಡಿಯುತ್ತದೆ. ಅದನ್ನೇ ಷಡ್ಜವೆಂದುಕೊಂಡರೆ 60, 62, 64, 67, 69, 72 ಎಂಬುದು ಮೋಹನದ ಆರೋಹಣ. ಗಮಕವಿಲ್ಲದ ಬರಿಯ ಸ್ವರಸ್ಥಾನಗಳನ್ನು ರಾಗವೆಂದು ಕರೆಯಲು ನನಗೂ ಸಂಕೋಚವಿದೆ; ಅಭ್ಯಾಸಕ್ಕೆ ಇಷ್ಟು ಸಾಕು ಎಂಬ ಅರ್ಥದಲ್ಲಷ್ಟೇ ಹೇಳುತ್ತಿದ್ದೇನೆ.

ಎಂಜಿನಿಯರಿಂಗ್ ಓದುತ್ತಿರುವ ಹುಡುಗನೊಬ್ಬ ಈ ಆರೂ ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದು, ನಡುವಿನ ಸ್ಲೀಪ್ ಸಾಲುಗಳನ್ನೆಲ್ಲ ತೆಗೆದುಹಾಕಿ, ಆರು ಸ್ವರಗಳೂ ಒಂದೇ ಏಟಿಗೆ ‘ಭೋಂ’ ಎಂದು ಕೂಗಿದಾಗ ಲ್ಯಾಪ್‌ಟಾಪಿನ ರ‍್ಯಾಮ್ ಸಾಲದು ಎಂದು ತೀರ್ಮಾನಿಸಿದ್ದ. ಪಾಪ, ಅಂಗಡಿಯಲ್ಲಿ ಬೆಲೆಯನ್ನೂ ವಿಚಾರಿಸಿ ಬಂದಿದ್ದ. ನಿಜವಾಗಿ ಆದದ್ದು ಇಷ್ಟೇ: ಪ್ಲೇ ಎಂಬ ಆದೇಶವು ಸ್ವರ ಮುಗಿಯುವವರೆಗೆ ಕಾಯುವುದಿಲ್ಲ. ಅದು ಸ್ವರವನ್ನು ಧ್ವನಿ ಹೊರಡಿಸುವ ಭಾಗಕ್ಕೆ ಒಪ್ಪಿಸಿ, ಕಣ್ಣು ಮಿಟುಕಿಸುವುದರೊಳಗೆ ಮುಂದಿನ ಸಾಲಿಗೆ ಹೋಗುತ್ತದೆ. ಮುಂದಿನ ಸಾಲಿನಲ್ಲೂ ಪ್ಲೇ ಇದ್ದರೆ ಅದನ್ನೂ ಆ ಕ್ಷಣಕ್ಕೇ ಒಪ್ಪಿಸುತ್ತದೆ. ಎರಡು ಸ್ವರಗಳ ನಡುವೆ ಕಾಲ ಸರಿಯಬೇಕೆಂದರೆ ಅದನ್ನು ನಾವೇ ಸ್ಲೀಪ್ ಎಂದು ಬರೆದು ಹೇಳಬೇಕು.

ಇಲ್ಲಿಯವರೆಗೆ ಎಲ್ಲರೂ ತಲೆಯಾಡಿಸುತ್ತಾರೆ. ತೊಡಕು ಇರುವುದು ಮುಂದೆ. ಸ್ಲೀಪ್ ಎಂಬ ಪದವನ್ನು ಕಂಡೊಡನೆ ನಮ್ಮವರು ಅದನ್ನು ನಿದ್ದೆ ಎಂದು, ನಿದ್ದೆಯನ್ನು ಮೌನ ಎಂದು ತಿಳಿದುಕೊಳ್ಳುತ್ತಾರೆ. ‘ಸ್ಲೀಪ್ 4’ ಎಂದರೆ ನಾಲ್ಕು ಎಣಿಕೆ ಸದ್ದಿಲ್ಲ ಎಂದು ಕೆಲವರು, ಸ್ವರವೇ ನಾಲ್ಕು ಎಣಿಕೆಯಷ್ಟು ಉದ್ದವಾಗುತ್ತದೆ ಎಂದು ಇನ್ನು ಕೆಲವರು ಭಾವಿಸುತ್ತಾರೆ. ಎರಡೂ ಅಲ್ಲ. ಸ್ವರ ಎಷ್ಟು ಹೊತ್ತು ನಿಲ್ಲಬೇಕೆಂಬುದು ರಿಲೀಸ್ (ಸ್ವರ ಕರಗಲು ಹಿಡಿಯುವ ಹೊತ್ತು) ಮೊದಲಾದ ಬೇರೆ ಸೂಚನೆಗಳ ಕೆಲಸ. ಏನೂ ಹೇಳದಿದ್ದರೆ ಸ್ವರವು ಒಂದು ಎಣಿಕೆಯಲ್ಲಿ ಕರಗಿಹೋಗುತ್ತದೆ. ಸ್ಲೀಪ್ ಹೇಳುವುದು ಮುಂದಿನ ಸಾಲು ಯಾವಾಗ ಶುರುವಾಗಬೇಕು ಎಂಬುದನ್ನು ಮಾತ್ರ. ಆದ್ದರಿಂದಲೇ ‘ಸ್ಲೀಪ್ 0.25’ ಎಂದು ಬರೆದು ಓಡಿಸಿದಾಗ ಹಿಂದಿನ ಸ್ವರ ಕರಗುವ ಮೊದಲೇ ಮುಂದಿನವು ಅದರ ಮೇಲೆ ಬಂದು ಕೂರುತ್ತವೆ, ಅದು ಕೇಳಲು ಕಲಸಿದಂತಿರುತ್ತದೆ, ರಿಲೀಸನ್ನು 0.2ಕ್ಕೆ ಇಳಿಸಿದರೆ ಬಿಡಿಬಿಡಿಯಾಗುತ್ತದೆ.

ನಾನು ಇಷ್ಟನ್ನು ಬೋರ್ಡಿನ ಮೇಲೆ ಗೆರೆ ಎಳೆದು ಮೂರನೆಯ ಬಾರಿ ವಿವರಿಸುತ್ತಿದ್ದ ದಿನ, ಆ ಹುಡುಗನ ಜೊತೆ ಬಂದಿದ್ದ ಅವನ ಅಜ್ಜಿ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಅರಕಲಗೂಡು ತಾಲ್ಲೂಕಿನವರು. ಸಂಗೀತ ವಿದ್ವಾಂಸ ಆರ್.ಕೆ. ಶ್ರೀಕಂಠನ್ ಅವರ ಊರಾದ ರುದ್ರಪಟ್ಟಣ ಇರುವುದೂ ಆ ತಾಲ್ಲೂಕಿನಲ್ಲೇ. ಆ ಸೀಮೆಯ ಹಳಬರಲ್ಲಿ ನಾಲ್ಕು ಕೀರ್ತನೆ ಬಾರದವರು ಕಡಿಮೆ ಎಂಬುದು ನನ್ನ ಅನುಭವ, ತಪ್ಪಿದ್ದರೂ ಇರಬಹುದು. ಅವರು ತೊಡೆಯ ಮೇಲೆ ಆದಿತಾಳ ಹಾಕುತ್ತಾ, ಗಾಂಧಾರವನ್ನು ಎಳೆದು ಹಿಡಿದು (ಹೀಗೆ ಹಿಡಿಯುವುದೇ ಕಾರ್ವೆ), ಉಸಿರು ಬಿಟ್ಟು ಮೊಮ್ಮಗನಿಗೆ ಹೇಳಿದರು: “ನೋಡೋ, ಬಾಯಿ ಕಾರ್ವೆ ಹಿಡಿದಿದ್ದರೂ ಕೈ ನಿಲ್ಲೋದಿಲ್ಲ. ಬಾಯಿ ಸುಮ್ಮನಿದ್ದರೂ ಕೈ ನಿಲ್ಲೋದಿಲ್ಲ. ಮೇಷ್ಟ್ರು ಹೇಳ್ತಿರೋ ಸ್ಲೀಪು ಕೈ ಕಣೋ.” ನನ್ನ ಗೆರೆಗಳನ್ನು ನಾನು ಅಳಿಸಿಬಿಟ್ಟೆ.

ಸ್ಲೀಪ್ ಎಂದರೆ ಕೈ ಎಂದು ಒಪ್ಪಿಕೊಂಡವರಿಗೆ ಉಳಿದ ತಪ್ಪುಗಳೂ ತಾವಾಗಿ ಕಾಣುತ್ತವೆ. ನಿಲ್ಲಿಸುವವರೆಗೆ ಸುತ್ತುತ್ತಲೇ ಇರುವ ಕೋಡಿನ ತುಂಡಾದ ಲೈವ್ ಲೂಪ್ ಒಂದರೊಳಗಿನ ಸ್ಲೀಪ್‌ಗಳನ್ನೆಲ್ಲ ಕೂಡಿದರೆ ಬರುವುದೇ ಆವರ್ತದ, ಅಂದರೆ ತಾಳದ ಒಂದು ಸುತ್ತಿನ, ಅಳತೆ. ಆದಿತಾಳಕ್ಕೆ 8, ಮಿಶ್ರಛಾಪುವಿಗೆ 7. ತಾಳದ ಲೂಪಿನಲ್ಲಿ ಮೊತ್ತ 8 ಇದ್ದು ರಾಗದ ಲೂಪಿನಲ್ಲಿ 7.75 ಇದ್ದರೆ ನಾಲ್ಕು ಆವರ್ತ ಮುಗಿಯುವಷ್ಟರಲ್ಲಿ ಒಂದು ಅಕ್ಷರ, ಅಂದರೆ ತಾಳದ ಒಂದು ಎಣಿಕೆ, ಜಾರಿರುತ್ತದೆ. ಕಂಪ್ಯೂಟರ್ ನಿಧಾನವಾಯಿತು ಎಂದು ಬೈಯುವವರು ಮೊದಲು ಪೆನ್ನು ಹಿಡಿದು ಕೂಡಿ ನೋಡುವುದು ಒಳ್ಳೆಯದು. ಲೂಪಿನಲ್ಲಿ ಸ್ಲೀಪ್ ಒಂದೂ ಇಲ್ಲದಿದ್ದರೆ ತಂತ್ರಾಂಶವೇ ದೋಷವೆಂದು ತೋರಿಸಿ ನಿಲ್ಲಿಸುತ್ತದೆ, ಅದು ಉಪಕಾರ.

ಉಪಕಾರ ಮಾಡದ ಜಾಗ ತಿಶ್ರದ ನಡೆ. ಒಂದು ಎಣಿಕೆಯನ್ನು ಮೂರು ಪಾಲು ಮಾಡಲು ‘ಸ್ಲೀಪ್ 1/3’ ಎಂದು ಬರೆಯುತ್ತಾರೆ. ಸೋನಿಕ್ ಪೈ ರೂಬಿ ಭಾಷೆಯನ್ನು ಆಧರಿಸಿದ್ದು. ಅದರಲ್ಲಿ ಎರಡು ಪೂರ್ಣಾಂಕಗಳನ್ನು ಭಾಗಿಸಿದರೆ ಉತ್ತರವೂ ಪೂರ್ಣಾಂಕವೇ, ಅಂದರೆ ಇಲ್ಲಿ ಸೊನ್ನೆ. ಸ್ಲೀಪ್ ಬರೆದಿದ್ದೂ ಸ್ವರಗಳು ಒಟ್ಟಿಗೆ ಬೀಳುತ್ತವೆ. 0.33 ಎಂದು ತಿದ್ದಿದರೆ ಸರಿಹೋದಂತೆ ಕೇಳಿದರೂ ಮೂರರ ಮೊತ್ತ 0.99, ನೂರು ಎಣಿಕೆಗೆ ಒಂದು ಎಣಿಕೆ ಖೋತಾ. ‘1.0/3’ ಎಂದು ಬರೆಯಬೇಕು.

ಇದೆಲ್ಲ ಸೋನಿಕ್ ಪೈಗೆ ಹೇಳಿದ್ದು. ಬ್ರೌಸರಿನಲ್ಲೇ ನಡೆಯುವ ಸ್ಟ್ರುಡೆಲ್‌ನಂಥವುಗಳಲ್ಲಿ ಆವರ್ತವೇ ಮೊದಲು, ಅದರೊಳಗೆ ಎಷ್ಟು ಸ್ವರ ಬರೆದರೆ ಅಷ್ಟು ಪಾಲು. ಅಲ್ಲಿ ಸ್ಲೀಪ್ ಹುಡುಕಿ ನನಗೆ ಫೋನ್ ಮಾಡಬೇಡಿ.

ಮುಂದಿನ ಭಾನುವಾರ ಹುಡುಗ ಮೋಹನವನ್ನು ಆದಿತಾಳಕ್ಕೆ ಹೊಂದಿಸಿ, ಗಾಂಧಾರಕ್ಕೂ ಮೇಲಿನ ಷಡ್ಜಕ್ಕೂ ಎರಡೆರಡು ಅಕ್ಷರ ಕೊಟ್ಟು ಬರೆದುಕೊಂಡು ಬಂದ. ಮೊದಲ ಸುತ್ತು ಚೆನ್ನಾಗಿತ್ತು, ನಾನು ಹೊಗಳಿಯೂ ಆಗಿತ್ತು. ಎರಡನೆಯ ಸುತ್ತಿಗೆ ಅಜ್ಜಿಯ ಕೈ ತೊಡೆಯ ಮೇಲೆ ನಿಂತಿತು. “ಎರಡು ಷಡ್ಜ ಒಟ್ಟಿಗೆ ಬಂತಲ್ಲ ಮೇಷ್ಟ್ರೇ?” ಎಂದರು. ನೋಡಿದರೆ 72ರ ಕೆಳಗೆ ಬರೆಯಬೇಕಾಗಿದ್ದ ‘ಸ್ಲೀಪ್ 2’ ಇರಲಿಲ್ಲ. ‘ಅದೇ ಕೊನೇ ಸ್ವರ ಅಲ್ವಾ ಸರ್, ಆಮೇಲೆ ಯಾಕೆ?’ ಎಂದ ಹುಡುಗ. ಲೂಪಿಗೆ ಕೊನೆಯಿಲ್ಲ; ಮೇಲಿನ ಷಡ್ಜ ನುಡಿದ ಕ್ಷಣಕ್ಕೇ ಅದು ಕೆಳಗಿನ ಷಡ್ಜಕ್ಕೆ ಮರಳಿತ್ತು. ರಾಗ ಆರು ಅಕ್ಷರಕ್ಕೆ ಸುತ್ತುತ್ತಿತ್ತು, ತಾಳ ಎಂಟಕ್ಕೆ. ಎರಡೂ ಸೇರುತ್ತಿದ್ದುದು ಇಪ್ಪತ್ತನಾಲ್ಕು ಅಕ್ಷರಕ್ಕೊಮ್ಮೆ.