ಅತ್ತೆಯವರ ಫೋನಿನಲ್ಲಿ ತೆರೆಯದ ಪುಟ

ವಿದ್ಯುತ್ ಬಿಲ್ ಬಾಕಿಯಿದೆ, ಇಂದು ರಾತ್ರಿಯೇ ಸಂಪರ್ಕ ಕಡಿತವಾಗುತ್ತದೆ ಎಂಬ ಸಂದೇಶ ನಮ್ಮ ಅತ್ತೆಯವರಿಗೆ ಬಂದಿತ್ತು. ಗಾಬರಿಯಲ್ಲಿ ಅದರೊಳಗಿನ ಲಿಂಕ್ ಒತ್ತಿಬಿಟ್ಟರು. ಪುಟ ತೆರೆಯಲಿಲ್ಲ. ಅವರು ಬಳಸುವುದು ಆಂಡ್ರಾಯ್ಡ್ ಫೋನಿನ ಕ್ರೋಮ್. ಅದಕ್ಕೆ ವಂಚಕ ತಾಣ ತಡೆಯುವ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸುವ ಪುಟ್ಟ ತಂತ್ರಾಂಶ) ಹಾಕಲು ಬರುವುದಿಲ್ಲ. ಆ ದಿನ ಅವರನ್ನು ಕಾಪಾಡಿದ್ದು ಮನೆಯ ವೈಫೈ ರೂಟರ್.

ಜಾಲತಾಣದ ಮೊದಲ ಅಕ್ಷರ ಪರದೆಗೆ ಬರುವ ಮುನ್ನ ನಮ್ಮ ಫೋನು ತಾನು ಹೋಗಬೇಕಾದ ತಾಣದ ಹೆಸರನ್ನು ಸಾಮಾನ್ಯವಾಗಿ ಎರಡು ಬಾರಿ ಬಹಿರಂಗವಾಗಿ ಹೇಳುತ್ತದೆ. ಮೊದಲು ಹೇಳುವುದು ಡಿಎನ್‌ಎಸ್‌ಗೆ. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದ ಈ ವ್ಯವಸ್ಥೆ, ಹೆಸರು ಕೇಳಿ ಐಪಿ ವಿಳಾಸ, ಅಂದರೆ ಆ ತಾಣವಿರುವ ಯಂತ್ರದ ಅಂಕಿಗಳ ವಿಳಾಸ, ಕೊಡುತ್ತದೆ. 2017ರಲ್ಲಿ ಆರಂಭವಾದ ಕ್ವಾಡ್9 ಎಂಬ ಉಚಿತ ಸೇವೆ (ಅದರ ವಿಳಾಸ 9.9.9.9) ವಂಚಕ ತಾಣಗಳ ಪಟ್ಟಿಯನ್ನೂ ಇಟ್ಟುಕೊಂಡಿದೆ. ಆ ಪಟ್ಟಿಯ ಹೆಸರನ್ನು ಯಾರಾದರೂ ಕೇಳಿದರೆ ‘ಅಂಥ ಹೆಸರೇ ಇಲ್ಲ’ ಎಂದುಬಿಡುತ್ತದೆ. ನಮ್ಮ ರೂಟರಿಗೆ ನಾನು ಕೊಟ್ಟಿದ್ದು ಇದೇ ವಿಳಾಸವನ್ನು.

ಎರಡನೆಯ ಸಲ ಹೆಸರು ಹೊರಬೀಳುವುದು ತಾಣದ ಬಾಗಿಲಲ್ಲಿ. ಒಂದೇ ಐಪಿ ವಿಳಾಸದಲ್ಲಿ ಸಾವಿರಾರು ತಾಣಗಳು ವಠಾರದ ಮನೆಗಳಂತೆ ಒತ್ತೊತ್ತಾಗಿ ಇರಬಹುದು. ಹಾಗಾಗಿ ಯಾರ ಮನೆ ಬೇಕೆಂದು ಹೊರಗೆ ನಿಂತೇ ಕೂಗಿ ಹೇಳಬೇಕು. ಎಸ್‌ಎನ್‌ಐ ಎನ್ನುವುದು ಈ ಕೂಗನ್ನೇ. ಮಾತುಕತೆಯನ್ನೆಲ್ಲ ಗೂಢಲಿಪಿಯಲ್ಲಿ ಮುಚ್ಚುವ, 2018ರ ಟಿಎಲ್‌ಎಸ್ 1.3 ಎಂಬ ಭದ್ರತಾ ವಿಧಾನ ಕೂಡ ಇದೊಂದನ್ನು ಬಯಲಿನಲ್ಲೇ ಬಿಟ್ಟಿತು.

ಭದ್ರತಾ ತಂತ್ರಾಂಶ ಕಿವಿಗೊಡುವುದು ಇಲ್ಲಿಯೇ. ವಿಂಡೋಸ್ ತನ್ನ ವಿಸ್ಟಾ ಆವೃತ್ತಿಯಿಂದಲೇ ಇದಕ್ಕೆಂದು ಕಾರ್ಯಾಚರಣೆ ವ್ಯವಸ್ಥೆಯೊಳಗೆ ಜಾಗ ಕೊಟ್ಟಿದೆ. ಆಂಡ್ರಾಯ್ಡ್‌ನ ಉಪಾಯ ನನಗೆ ಇನ್ನೂ ಇಷ್ಟ. ಅಲ್ಲಿ ಇಂಥ ಆ್ಯಪ್ ತಾನೊಂದು ವಿಪಿಎನ್ (ಸಂಚಾರವನ್ನು ಸುರಂಗದಂತೆ ಬೇರೆಡೆಗೆ ಸಾಗಿಸುವ ವ್ಯವಸ್ಥೆ) ಎಂದು ಹೇಳಿಕೊಳ್ಳುತ್ತದೆ, ಪರದೆಯ ಮೇಲ್ತುದಿಯಲ್ಲಿ ಪುಟ್ಟ ಕೀಲಿಕೈ ಮೂಡುತ್ತದೆ. ಆದರೆ ಆ ಸುರಂಗ ಎಲ್ಲೋ ದೂರದ ದೇಶಕ್ಕೆ ಹೋಗದೆ ಫೋನಿನೊಳಗೇ ಮುಗಿಯಬಹುದು. ಎಲ್ಲ ಆ್ಯಪ್‌ಗಳ ಸಂಚಾರವೂ ಅದರ ಕಣ್ಣೆದುರೇ ಹಾದುಹೋಗುವುದರಿಂದ, ಲಿಂಕ್ ತೆರೆದದ್ದು ಬ್ರೌಸರಿನಲ್ಲೋ ಆಟದ ಆ್ಯಪಿನಲ್ಲೋ ಎಂಬ ಭೇದ ಅದಕ್ಕಿಲ್ಲ. ಎಕ್ಸ್‌ಟೆನ್ಷನ್‌ಗೆ ಇಲ್ಲದ ಬಲ ಇದು.

ಹೆಸರಷ್ಟೇ ತಿಳಿದರೆ ಸಾಲದ ಸಂದರ್ಭಗಳೂ ಇವೆ. ಒಳ್ಳೆಯ ತಾಣವೊಂದರ ಯಾವುದೋ ಮೂಲೆಯಲ್ಲಿ ಕಳ್ಳರು ಒಂದೇ ಒಂದು ನಕಲಿ ಪುಟ ಇಟ್ಟಿರುತ್ತಾರೆ. ಆ ಪುಟದ ಪೂರ್ಣ ವಿಳಾಸ ಗೂಢಲಿಪಿಯ ಒಳಗಿರುತ್ತದೆ. ಅದನ್ನು ಓದಲು ಕೆಲವು ತಂತ್ರಾಂಶಗಳು ತಮ್ಮದೇ ಮೂಲ ಪ್ರಮಾಣಪತ್ರವನ್ನು (ತಾಣ ಅಸಲಿಯೆಂದು ಕಂಪ್ಯೂಟರ್ ನಂಬಲು ಆಧಾರವಾದ ದಾಖಲೆ) ಕಂಪ್ಯೂಟರಿನಲ್ಲಿ ಸ್ಥಾಪಿಸಿ, ಲಕೋಟೆ ಒಡೆದು ಓದಿ, ಮತ್ತೆ ಅಂಟಿಸಿ ಕಳಿಸುತ್ತವೆ. ಇದನ್ನು ನಾನು ಒಪ್ಪುವುದಿಲ್ಲ. 2014ರ ಕೊನೆಯ ಹೊತ್ತಿಗೆ ಲೆನೊವೊ ಲ್ಯಾಪ್‌ಟಾಪ್‌ಗಳಲ್ಲಿ ಮೊದಲೇ ತುಂಬಿ ಬಂದಿದ್ದ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶ ಮಾಡಿದ್ದೂ ಇದನ್ನೇ. ಎಲ್ಲ ಯಂತ್ರಗಳಲ್ಲೂ ಒಂದೇ ಗುಪ್ತ ಕೀಲಿ ಇತ್ತು, ಅದು 2015ರಲ್ಲಿ ಬಯಲಾಯಿತು. ಆಮೇಲೆ ಆ ಕೀಲಿ ಹಿಡಿದ ಯಾರು ಬೇಕಾದರೂ ಬ್ಯಾಂಕಿನ ವೇಷ ಹಾಕಬಹುದಿತ್ತು. ಪೂರ್ಣ ವಿಳಾಸ ನೋಡುವ ಕೆಲಸವನ್ನು ಅದನ್ನು ಸಹಜವಾಗಿಯೇ ತಿಳಿದಿರುವ ಬ್ರೌಸರಿಗೆ ಬಿಡುವುದು ಮೇಲು. ಗೂಗಲ್‌ನ ಸೇಫ್ ಬ್ರೌಸಿಂಗ್ ಅಲ್ಲೇ ಕುಳಿತು ಕೆಲಸ ಮಾಡುತ್ತದೆ.

ಈಗ ಆ ಎರಡು ಬಹಿರಂಗ ಕೂಗುಗಳೂ ಮೆಲ್ಲಗೆ ಪಿಸುಮಾತಾಗುತ್ತಿವೆ. ಡಿಎನ್‌ಎಸ್ ಪ್ರಶ್ನೆಯನ್ನೂ ಎಸ್‌ಎನ್‌ಐಯನ್ನೂ ಮುಚ್ಚಿ ಕಳಿಸುವ ವಿಧಾನಗಳು ಬಂದಿವೆ. ಖಾಸಗಿತನಕ್ಕೆ ಇದು ಬೇಕು. ಆದರೆ ಬ್ರೌಸರ್ ತನಗಿಷ್ಟದ ಡಿಎನ್‌ಎಸ್ ಅನ್ನು ಗುಟ್ಟಾಗಿ ಕೇಳತೊಡಗಿದರೆ ರೂಟರಿನ ಕಾವಲು ವ್ಯರ್ಥವಾಗುತ್ತದೆ. ಅದಿರಲಿ, ಅತ್ತೆಯವರು ಸಂತೆಗೆ ಹೊರಟು ಮೊಬೈಲ್ ಡೇಟಾ ಹಾಕಿಕೊಂಡರೂ ಅಷ್ಟೇ, ಮನೆಯ ರೂಟರ್ ಜೊತೆಗಿರುವುದಿಲ್ಲ. ಆಂಡ್ರಾಯ್ಡ್ 9ರಿಂದ ಫೋನಿನ ಸೆಟ್ಟಿಂಗ್ಸ್‌ನಲ್ಲೇ ‘ಖಾಸಗಿ ಡಿಎನ್‌ಎಸ್’ ಎಂಬ ಆಯ್ಕೆಯಿದೆ. ಅದರಲ್ಲಿ ಬರೆದ ಹೆಸರಿನ ಸೇವೆಗೆ ಫೋನು ಎಲ್ಲಿದ್ದರೂ ತನ್ನ ಪ್ರಶ್ನೆಗಳನ್ನು ಮುಚ್ಚಿಯೇ ಕಳಿಸುತ್ತದೆ. ಮರುದಿನ ಬೆಳಿಗ್ಗೆ ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಲ್ಲಿ ಕ್ವಾಡ್9ರ ಹೆಸರನ್ನು ಅವರ ಕೈಯಿಂದಲೇ ಬರೆಸಿದೆ.